ಡಾಕ್ಟರು ಕೈಚೆಲ್ಲಿದ ಮೇಲೆ ಸಿಕ್ಕವರು

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಅಲ್ಲೆ ಅಷ್ಟು ದೊಡ್ಡ ದೊಡ್ಡ ಡಾಕ್ಟರ್ ಅದಾರ, ನಿನ್ನ ಕಣ್ಣಿಗೆ ಏನೂ ಮಾಡಲಿಲ್ಲೇನು?" ಇಲ್ಲ, ಏನೂ ಮಾಡಲಿಲ್ಲ. ಊರ ಕಡೆಯ ಡಾಕ್ಟರ್ ಹೇಳಿದ್ದನ್ನೇ ನಾನೀಗ ಇರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಡಾಕ್ಟರೂ ಹೇಳಿದರು. ರೆಟಿನೈಟಿಸ್ ಪಿಗ್ಮೆಂಟೋಸಾ, ಔಷಧಿ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ. ವ್ಯತ್ಯಾಸ ಇದ್ದದ್ದು ಆ ಕೋಣೆಯಿಂದ ಹೊರಗೆ ಬಂದ ಮೇಲೆ.

ಮೊದಲು ರೋಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಸುಮಾರು 4000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಶುರುವಾಗುವುದು ಇರುಳುಗಣ್ಣಿನಿಂದ. ಆಮೇಲೆ ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ. ನಡುವಿನ ನೋಟ ಮಾತ್ರ ಬಹಳ ವರ್ಷ ಉಳಿಯಬಹುದು. ಹಾಗಾಗಿ ನಾನು ಪೇಪರ್ ಓದುತ್ತೇನೆ, ಕಾಲ ಹತ್ತಿರದ ಸ್ಟೂಲಿಗೆ ಎಡವುತ್ತೇನೆ. ನೋಡುವವರಿಗೆ ಇದು ಸುಮ್ನೆ ನಾಟಕ ಅನಿಸುತ್ತದೆ. ನಮ್ಮೂರು ಬಾದಾಮಿ ತಾಲೂಕಿನಲ್ಲಿದೆ. ಚಿಕ್ಕವರಿದ್ದಾಗ ಬನಶಂಕರಿ ಜಾತ್ರೆಯಲ್ಲಿ ರಾತ್ರಿ ಕಂಪನಿ ನಾಟಕ ಬಿಟ್ಟ ಮೇಲೆ ನಾನು ಕಾಕಾನ ಮಗನ ಅಂಗಿ ಹಿಡಿದು ನಡೆಯುತ್ತಿದ್ದೆ. ಅವನು ಮುಂದಿದ್ದವನ ಅಂಗಿ ಹಿಡಿಯುತ್ತಿದ್ದ. ಇಬ್ಬರಿಗೂ ಒಂದೇ ರೋಗ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಸೋದರಮಾವನಿಗೆ ಮಗಳನ್ನ ಕೊಡುವುದು ನಮ್ಮ ಮನೆತನದಲ್ಲಿ ಹಿಂದಿನಿಂದ ಬಂದದ್ದು. ಈ ರೋಗದ ಹಲವು ಬಗೆಗಳು ತಂದೆ ತಾಯಿ ಇಬ್ಬರಲ್ಲೂ ಅದೇ ಜೀನ್‌ನ ದೋಷ ಅಡಗಿದ್ದರೆ ಮಾತ್ರ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತವೆ. ಒಂದೇ ರಕ್ತದೊಳಗೆ ಮದುವೆಯಾದರೆ ಆ ಸಾಧ್ಯತೆ ಜಾಸ್ತಿ. ಇದನ್ನ ಅವ್ವನ ಮುಂದೆ ಹೇಳಿಲ್ಲ, ಹೇಳಿ ಆಗಬೇಕಾದ್ದೂ ಏನಿಲ್ಲ. ಆದರೆ ಮನೆಯಲ್ಲಿ ಇರುಳುಗಣ್ಣಿನವರು ಇದ್ದು, ಸಂಬಂಧದಲ್ಲೇ ಮದುವೆ ಮಾತು ನಡೆಯುತ್ತಿದ್ದರೆ, ಒಂದು ಸಲ ಜೆನೆಟಿಕ್ ಟೆಸ್ಟ್ ಮಾಡಿಸಿ. ಇನ್ನೊಂದು, ವಾಟ್ಸಾಪಿನಲ್ಲಿ ಬರುವ "ಕಣ್ಣು ವಾಪಸ್ ತರುವ ಇಂಜೆಕ್ಷನ್" ಸುದ್ದಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆ ಇರುವುದು ಆರ್‌ಪಿಇ65 ಎಂಬ ಒಂದೇ ಜೀನ್‌ನ ದೋಷಕ್ಕೆ. ಉಳಿದವರಿಗೆ ಅದು ನಾಟುವುದಿಲ್ಲ. ಹೊಲ ಮಾರಿ ಯಾರ ಕೈಗೂ ದುಡ್ಡು ಕೊಡಬೇಡಿ.

ಈಗ ಕೋಣೆಯ ಹೊರಗಿನ ವಿಷಯ. ಇಲ್ಲಿನ ಬಹಳಷ್ಟು ಕಣ್ಣಿನ ವಿಭಾಗಗಳಲ್ಲಿ ಐ ಕ್ಲಿನಿಕ್ ಲೇಜಾನ್ ಆಫೀಸರ್ ಅಂತ ಒಬ್ಬರು ಇರುತ್ತಾರೆ, ಆಸ್ಪತ್ರೆಗೂ ಹೊರಗಿನ ನೆರವಿಗೂ ಕೊಂಡಿಯಾಗುವವರು. ಡಾಕ್ಟರಲ್ಲ, ನರ್ಸೂ ಅಲ್ಲದಿರಬಹುದು. ನನಗೆ ಸಿಕ್ಕ ಹೆಂಗಸು ಕಾರಿಡಾರಿನ ಕೊನೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದರು. ಕಣ್ಣಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮನೆಯಲ್ಲಿ ಯಾರಿದ್ದಾರೆ? ಆಫೀಸಿಗೆ ಹೇಗೆ ಹೋಗುತ್ತೀರಿ? ಈರುಳ್ಳಿ ಹೆಚ್ಚುವಾಗ ಕೈ ಕೊಯ್ದುಕೊಳ್ಳುತ್ತೀರಾ? ಇಲ್ಲದ್ದು ಏನಾದರೂ ಕಾಣಿಸುತ್ತದಾ?

ಕೊನೆಯ ಪ್ರಶ್ನೆಗೆ ಬೆಚ್ಚಿದೆ. ಅದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅನ್ನುತ್ತಾರಂತೆ. ದೃಷ್ಟಿ ಕಳೆದುಕೊಂಡವರಿಗೆ ಮನುಷ್ಯರು, ಮಕ್ಕಳು, ಚಿತ್ತಾರಗಳು ಕಾಣಿಸುತ್ತವೆ. ಕಣ್ಣಿನಿಂದ ಸುದ್ದಿ ಬರದಿದ್ದಾಗ ಮಿದುಳು ತಾನೇ ಚಿತ್ರ ಬಿಡಿಸುತ್ತದೆ, ಅಷ್ಟೇ. ಹುಚ್ಚಲ್ಲ. ಸ್ವಿಟ್ಜರ್‌ಲ್ಯಾಂಡಿನ ಬೊನೆ ಎಂಬವರು 1760ರಲ್ಲಿ ತಮ್ಮ ಅಜ್ಜನಿಗೆ ಹೀಗಾಗುವುದನ್ನ ಬರೆದಿಟ್ಟರು. ನಮ್ಮಲ್ಲಿ ಪೊರೆ ಬಂದ ಮುದುಕಿ "ಬಾಗಿಲಾಗ ಯಾರೋ ನಿಂತಾರ" ಅಂದರೆ ಮಂತ್ರ ಹಾಕಿಸೋಕೆ ಕರೆದುಕೊಂಡು ಹೋಗುತ್ತಾರೆ. ಪಾಪ, ಎರಡನೇ ಸಲದಿಂದ ಆಕೆ ಬಾಯಿ ಬಿಡುವುದೇ ಇಲ್ಲ.

ಕಾರಿಡಾರಿನ ಆ ಹೆಂಗಸು ಮಾಡಿದ ಕೆಲಸ ದೊಡ್ಡದೇನಲ್ಲ. ದೃಷ್ಟಿದೋಷದ ಸರ್ಟಿಫಿಕೇಟ್ ಡಾಕ್ಟರ್ ಸಹಿಯಾಗಿ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಹೋಗುವಂತೆ ನೋಡಿಕೊಂಡರು. ಅದು ಹೋದ ಮೇಲೆ ಕೌನ್ಸಿಲ್‌ನವರೇ ನನಗೆ ಫೋನ್ ಮಾಡಿದರು. ಡ್ರೈವಿಂಗ್ ಲೈಸೆನ್ಸ್ ವಾಪಸ್ ಕೊಟ್ಟೆ, ಅದರ ನೋವು ಬೇರೆಯೇ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಇರುಳುಗಣ್ಣಿನವನಿಗೆ ಆಫೀಸಿಂದ ಮನೆಗೆ ಬರುವುದೇ ಒಂದು ಯುದ್ಧ. ಆಕ್ಸೆಸ್ ಟು ವರ್ಕ್ ಅನ್ನುವ ಸರ್ಕಾರಿ ಯೋಜನೆಯಿಂದ ಟ್ಯಾಕ್ಸಿಗೂ ಅಕ್ಷರ ದೊಡ್ಡದು ಮಾಡುವ ಸಾಫ್ಟ್‌ವೇರ್‌ಗೂ ನೆರವು ಸಿಕ್ಕಿತು. ಎಲ್ಲವೂ ಧರ್ಮಕ್ಕೆ ಸಿಗುತ್ತದೆ ಅಂದುಕೊಳ್ಳಬೇಡಿ. ವರ್ಕ್ ವೀಸಾದಲ್ಲಿ ಇರುವವರಿಗೆ ಅಂಗವಿಕಲರ ಭತ್ಯೆ ಇಲ್ಲ.

ಕೌನ್ಸಿಲ್‌ನಿಂದ ಬಂದವನು ಬಿಳಿ ಕೋಲು ಹಿಡಿಯೋದು ಕಲಿಸಿದ. ಕೋಲು ಹಿಡಿಯೋದಕ್ಕೂ ಕಲಿಯಬೇಕಾ ಅಂತ ನನಗೂ ಅನಿಸಿತ್ತು. ಕಲಿಯಬೇಕು. ಕೈ ಹೊಕ್ಕಳಿನ ನೇರಕ್ಕೆ ಇರಬೇಕು, ತೋಳಲ್ಲ, ಮಣಿಕಟ್ಟು ಆಡಬೇಕು. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನ ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಭುಜದ ಅಗಲಕ್ಕಿಂತ ಸ್ವಲ್ಪ ಹೆಚ್ಚು ಬೀಸಿದರೆ ಸಾಕು. ಇಲ್ಲಿ ಸಿಗ್ನಲ್ ಇರುವ ಕಡೆ ಫುಟ್‌ಪಾತಿನ ಅಂಚಿಗೆ ಕೆಂಪು ಕಲ್ಲು ಹಾಕಿರುತ್ತಾರೆ, ಮೇಲೆ ಸಾಲು ಉಬ್ಬುಚುಕ್ಕೆಗಳು. ಬೂಟಿನ ಅಡಿಯಲ್ಲೂ ಗೊತ್ತಾಗುತ್ತದೆ. ಇದರ ಮೂಲ ಜಪಾನ್. ಸೇಯಿಚಿ ಮಿಯಾಕೆ ಎಂಬವರು ಮಾಡಿದ್ದು, 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಕಿದರು.

ನನಗೆ ಬಹಳ ಹಿಡಿಸಿದ್ದು ಮಾತ್ರ ಇನ್ನೊಂದು. ರಸ್ತೆ ದಾಟುವ ಬಟನ್ ಡಬ್ಬಿ ಇರುತ್ತದಲ್ಲ, ಅದರ ತಳಕ್ಕೆ ಬೆರಳು ಹಾಕಿ ನೋಡಿದರೆ ಗೆರೆಗೆರೆಯಾದ ಪುಟ್ಟ ಶಂಕು ಸಿಗುತ್ತದೆ. ಹಸಿರು ಬಿದ್ದಾಗ ಅದು ಗಿರ್ರನೆ ತಿರುಗುತ್ತದೆ. ಸದ್ದಿಲ್ಲ, ಬೆಳಕಿಲ್ಲ. ಕಿವಿ ಕೇಳದವರಿಗೂ ಉಪಯೋಗ. 1980ರ ದಶಕದಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲೇ ತಯಾರಾದದ್ದು. ನನ್ನ ಆಫೀಸಿನವರು ಹುಟ್ಟಿದಾಗಿಂದ ಈ ಊರಲ್ಲೇ ಇದ್ದಾರೆ, ಒಬ್ಬರಿಗೂ ಗೊತ್ತಿರಲಿಲ್ಲ!

ಊರಿಗೆ ಕೋಲು ತರುತ್ತೇನೆ ಅಂದಾಗ ಅವ್ವ ಫೋನಿನಲ್ಲೇ ಅತ್ತಳು. "ಮಂದಿ ಏನಂತಾರಪಾ." ಆಕೆಯ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಕಣ್ಣು ಕಾಣದವರು ಅಂದರೆ ಒಂದೋ ಗದಗಿನ ವೀರೇಶ್ವರ ಪುಣ್ಯಾಶ್ರಮ, ಇಲ್ಲವೋ ಬಸ್‌ಸ್ಟ್ಯಾಂಡಿನ ಕಂಬದ ಬುಡ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಸಾವಿರಾರು ಮಕ್ಕಳಿಗೆ ಸಂಗೀತ ಕೊಟ್ಟು ಅನ್ನದ ದಾರಿ ತೋರಿಸಿದರು, ಅವರಿಗೆ ಕೈಮುಗಿಯದ ಮನೆ ನಮ್ಮಲ್ಲಿಲ್ಲ. ಆದರೆ ಶ್ರುತಿ ಹಿಡಿಯೋಕೆ ಬಾರದವನು, ನಡುವಯಸ್ಸಿನಲ್ಲಿ ಅರ್ಧ ಕಣ್ಣು ಕಳೆದುಕೊಂಡ ಕಿರಾಣಿ ಅಂಗಡಿಯವನು, ಅವನು ಎಲ್ಲಿ ಹೋಗಬೇಕು?

ಆ ಅಂಗಡಿಯವನೇ ಕಾಕಾನ ಮಗ. ಡಾಕ್ಟರ್ ಕೈಚೆಲ್ಲಿದ ಮೇಲೆ ಗಲ್ಲಾ ಮಗನಿಗೆ ಬಿಟ್ಟು ಕಟ್ಟೆ ಮೇಲೆ ಕೂತುಬಿಟ್ಟಿದ್ದ. ಒಮ್ಮೆ ಅಂಗವಿಕಲರ ಕಾರ್ಡಿಗೆ ಹೋಗಿದ್ದನಂತೆ. ಗೋಡೆಯ ಅಕ್ಷರ ಓದಿಸಿ, "ಚಲೋ ಕಾಣಸ್ತೈತಲ್ಲ, ಹೋಗು" ಅಂದು ಕಳಿಸಿದ್ದರು. ಇಲ್ಲಿ ಗಮನ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಕ್ಷರ ಓದುವುದನ್ನ ಮಾತ್ರ ನೋಡುವುದಿಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ. ಇಂಥವರು ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್, ಅಂದರೆ ಪೆರಿಮೆಟ್ರಿ, ಮಾಡಿಸಿ ಆ ರಿಪೋರ್ಟ್ ಹಿಡಿದೇ ಹೋಗಬೇಕು.

ಇದನ್ನ ಅವನಿಗೆ ಬಿಡಿಸಿ ಹೇಳಿದ್ದು ನಾನಲ್ಲ, ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪೋಲಿಯೋ ಆದ ಮನುಷ್ಯ, ಮೂರು ಗಾಲಿಯ ಸ್ಕೂಟರ್ ಮೇಲೆ ಓಡಾಡುತ್ತಾನೆ. ಪಂಚಾಯಿತಿ ಮಟ್ಟದಲ್ಲಿ ಇವರು, ಇಂಥದ್ದೇ ಕೆಲಸಕ್ಕೆ ತಾಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ ಅಂತ ಇರುತ್ತಾರೆ. ನಾಟಿಂಗ್‌ಹ್ಯಾಮ್‌ನ ಕಾರಿಡಾರಿನಲ್ಲಿ ಕೂತ ಹೆಂಗಸಿನ ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ. ಅವರು ಪುಡಿಗಾಸಿನ ಗೌರವಧನಕ್ಕೆ ದುಡಿಯುತ್ತಾರೆ, ಕಣ್ಣಿನ ಡಾಕ್ಟರಿಗೆ ಅವರ ಪರಿಚಯವಿಲ್ಲ, ಅವರಿಗೆ ಡಾಕ್ಟರ ಪರಿಚಯವಿಲ್ಲ. ಆಸ್ಪತ್ರೆಯ ಚೀಟಿಯ ಹಿಂದೆ ಅವರ ಫೋನ್ ನಂಬರ್ ಬರೆದುಕೊಟ್ಟರೂ ಅರ್ಧ ಕೆಲಸ ಆದಂತೆ.

ಅಂಗವಿಕಲರ ಗುರುತಿನ ಕಾರ್ಡ್, ಯುಡಿಐಡಿ, ಬಂತು. ನಮ್ಮ ರಾಜ್ಯದ ಸರ್ಕಾರಿ ಬಸ್ಸಿನಲ್ಲಿ ಅಂಧರಿಗೆ ಉಚಿತ ಪಾಸ್ ಇದೆ, ಅದೂ ಆಯಿತು. ಫೋನಿನಲ್ಲಿ ಪರದೆ ಮೇಲಿನದನ್ನ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಟ್ಟೆ, ಕನ್ನಡದಲ್ಲೇ ಮಾತಾಡುತ್ತದೆ. ಅವನ ಮಗಳ ಕಂಪ್ಯೂಟರಿನಲ್ಲಿ ಅದೇ ಕೆಲಸಕ್ಕೆ ಎನ್‌ವಿಡಿಎ, ಪೂರ್ತಿ ಉಚಿತ. ನೋಟು ಎಷ್ಟರದ್ದು ಅಂತ ಗುರುತಿಸೋಕೆ ರಿಸರ್ವ್ ಬ್ಯಾಂಕಿನ ಮಣಿ ಆಪ್ ಇದೆ. ಅವನು ಅದನ್ನ ಬಳಸುವುದಿಲ್ಲ. ಹೊಸ ನೂರರ ಅಂಚಿನಲ್ಲಿ ನಾಲ್ಕು ಉಬ್ಬುಗೆರೆ, ಐನೂರರಲ್ಲಿ ಐದು. ಅವನ ಹೆಬ್ಬೆರಳು ಅದನ್ನ ಬೇಗ ಕಲಿತುಬಿಟ್ಟಿತು. ಎಣ್ಣೆ ಹತ್ತಿದ ಹಳೇ ನೋಟು ಬಂದರೆ ಮಾತ್ರ ಮಗನನ್ನ ಕೂಗುತ್ತಾನೆ.

ಸಿಗದೇ ಇದ್ದದ್ದು ಕೋಲು ಕಲಿಸುವವರು. ಶಿಬಿರದಲ್ಲಿ ಕೋಲು ಹಂಚಿ, ಫೋಟೋ ತೆಗೆಸಿ ಕಳಿಸುತ್ತಾರೆ. ಆ ಕೋಲು ಮನೆಯಲ್ಲಿ ಮೊಳೆಗೆ ನೇತಾಡುತ್ತದೆ. ಇವನ ಮನೆಯಲ್ಲೂ ಒಂದಿತ್ತು. ಹಾಗಾಗಿ ಊರಿಗೆ ಹೋದಾಗ ನಾನೇ ಅವನನ್ನ ಬನಶಂಕರಿಗೆ ಕರೆದುಕೊಂಡು ಹೋದೆ. ಹರಿದ್ರಾ ತೀರ್ಥದ ಸುತ್ತ ಕಲ್ಲಿನ ಮಂಟಪದ ಸಾಲು ಇದೆಯಲ್ಲ, ನೆಲ ಸಪಾಟು, ಕಂಬಗಳು ಒಂದೇ ಅಳತೆಗೆ. ಬೆಳಿಗ್ಗೆ ಜನ ಕಡಿಮೆ. ಮೊದಲ ದಿನ ಅವನು ಕೋಲನ್ನ ದನ ಹೊಡೆಯುವವನ ಹಾಗೆ ಹಿಡಿದಿದ್ದ. ರೊಟ್ಟಿ ಮಾರುವ ಅಮ್ಮ ನೋಡಿ, "ಏನ್ರೀ ಯಪ್ಪಾ, ಇಬ್ಬರೂ ಕೂಡಿ ಏನ್ ಹುಡಕಾಕತ್ತೀರಿ?" ಅಂದಳು. ಹೇಳಿದೆವು. ಮರುದಿನದಿಂದ ತನ್ನ ಬುಟ್ಟಿಯನ್ನ ದಾರಿಯ ಆಚೆ ಸರಿಸಿ ಕೂತಳು, ಪಕ್ಕದವಳದ್ದನ್ನೂ ಸರಿಸಿದಳು.

ಈಗ ಅವನು ಬಾದಾಮಿಗೆ ಒಬ್ಬನೇ ಬಸ್ಸಿನಲ್ಲಿ ಹೋಗಿ ಸಾಮಾನಿಗೆ ಹೇಳಿ ಬರುತ್ತಾನೆ. ಮೊನ್ನೆ ಫೋನ್ ಮಾಡಿದ್ದ, ಕೋಲಿನ ತುದಿ ಸವೆದು ಕಬ್ಬಿಣ ಕಾಣುತ್ತಿದೆಯಂತೆ. ಇಲ್ಲಿ ಉರುಳುವ ದುಂಡನೆ ತುದಿ ಚಲೋ, ಅದೇ ಕಳಿಸಲಾ ಅಂದೆ. "ಬ್ಯಾಡ, ಅದು ನಮ್ಮ ಗರಸಿನಾಗ ಸಿಗಬೀಳತೈತಿ, ಸಣ್ಣದ ಕಳಸು. ನಾಕ್ ಕಳಸು, ವಿಆರ್‌ಡಬ್ಲ್ಯೂ ಅಣ್ಣ ಇನ್ನೂ ಇಬ್ಬರನ್ನ ಕಳಸ್ಯಾನ, ಕಲಸಾಕ."