ಉಣ್ಣುವ ಕೈ

ಆಂಬುಲೆನ್ಸ್ ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಇವತ್ತು ಕಾಸರಗೋಡಿನ ಉಪ್ಪಳದಿಂದ ಮಂಗಳೂರಿಗೆ ಒಬ್ಬರು ಅಜ್ಜಿ, ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು.

ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರನ್ನು ಎಡಗೈ ಬೆರಳಿಗೆ ಸಿಕ್ಕಿಸಿದೆ. 84! ತೀರಾ ಕಡಿಮೆ.
ನನ್ನ ಎದೆ ಡವಡವ. ಆಕ್ಸಿಜನ್ ಮಾಸ್ಕಿಗೆ ಕೈ ಹಾಕಿದ್ದೇ, "ಎಂತ ಮಗಾ, ತಲಪಾಡಿ ಬಂತಾ?" ಅಂತ ಅಜ್ಜಿ ಆರಾಮಾಗಿ ಕೇಳಿದರು.

ಆಗ ಕಂಡಿತು ಉಗುರು. ಕಡುನೀಲಿ ನೈಲ್ ಪಾಲಿಶ್. ಮೆಶಿನಿನ ಬೆಳಕು ಬೆರಳಿನಲ್ಲಿ ಸರಿಯಾಗಿ ಹಾಯದಿದ್ದರೆ ಲೆಕ್ಕ ತಪ್ಪುತ್ತದೆ ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ, ಅದೂ ಮಲಯಾಳದಲ್ಲಿ!

"ಪುಳ್ಳಿ (ಮೊಮ್ಮಗು) ಹಚ್ಚಿದ್ದು. ಬಲಗೈಗೆ ನಾನೇ ಬಿಡ್ಲಿಲ್ಲ, ಉಣ್ಣುವ ಕೈ ಅಲ್ಲವಾ?"

ಬಲಗೈಗೆ ಹಾಕಿದೆ. 97.

ಮೊದಲು ಮುಖ ನೋಡು, ಆಮೇಲೆ ಮೆಶಿನ್ ಅಂತ ಡ್ರೈವರಣ್ಣ ಮೊದಲ ದಿನವೇ ಹೇಳಿದ್ದರು. ಅವರಿಗೆ ಇದನ್ನು ಇನ್ನೂ ಹೇಳಿಲ್ಲ.