ಸೇಂಟ್ ಕ್ಯಾಥರೀನ್ ಮಠ: ಪ್ಯಾಕೇಜ್ ಬೇಡ, ಊರಲ್ಲೇ ಉಳಿಯಿರಿ

ಈಜಿಪ್ಟಿನ ಸಿನಾಯ್‌ಗೆ ಹೋಗುವವರಿಗೆ ಕಡಲತೀರದ ಊರುಗಳಾದ ಶರ್ಮ್ ಎಲ್ ಶೇಖ್‌ನಲ್ಲಿ, ದಹಬ್‌ನಲ್ಲಿ ಸಿನಾಯ್ ಬೆಟ್ಟದ ಸೂರ್ಯೋದಯ ಮತ್ತು ಅದರ ಬುಡದಲ್ಲಿರುವ ಸೇಂಟ್ ಕ್ಯಾಥರೀನ್ ಕ್ರೈಸ್ತ ಮಠ ಎರಡನ್ನೂ ಸೇರಿಸಿದ ಪ್ಯಾಕೇಜ್ ಮಾರುತ್ತಾರೆ. ದಯವಿಟ್ಟು ತಗೋಬೇಡಿ. ನಮ್ಮ ಏಜೆಂಟ್ ಎಸಿ ಬಸ್ ಅಂದಿದ್ದ, ಬಂದಿದ್ದು ಮೊಣಕಾಲು ಮಡಚಿ ಕೂರಬೇಕಾದ ವ್ಯಾನ್. ಚೆಕ್‌ಪೋಸ್ಟ್ ಬಂದಾಗೆಲ್ಲ ಎಬ್ಬಿಸಿ ಪಾಸ್‌ಪೋರ್ಟ್ ಕೇಳುತ್ತಾರೆ, ನಿದ್ದೆ ಇಲ್ಲ. ಕತ್ತಲಲ್ಲಿ 2,285 ಮೀಟರ್ ಎತ್ತರದ ಬೆಟ್ಟ ಹತ್ತಿ, ಮೇಲೆ ನೂಕುನುಗ್ಗಲಲ್ಲಿ ನಿಂತು, ಇಳಿದು ಮಠಕ್ಕೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಮಠ ತೆರೆಯೋದು ಬೆಳಿಗ್ಗೆ ಕೆಲವೇ ಗಂಟೆ. ಎಲ್ಲ ವ್ಯಾನುಗಳ ಜನವೂ ಆಗಲೇ ಒಳಗೆ ನುಗ್ಗುತ್ತಾರೆ. ಗೈಡ್ ಅರ್ಧ ಗಂಟೆಗೇ ಹೊರಡಿಸಿದ.

ನಾವು ವ್ಯಾನ್ ಬಿಟ್ಟು ಕೆಳಗಿನ ಊರಲ್ಲೇ ಉಳಿದೆವು. ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಹೋದಾಗ ಮಠ ನಿಜವಾಗಿ ಕಂಡಿತು. 4ನೇ ಶತಮಾನದಲ್ಲೇ ಇಲ್ಲಿ ಸನ್ಯಾಸಿಗಳಿದ್ದರು. ಈ ದಪ್ಪ ಗ್ರಾನೈಟ್ ಗೋಡೆ ಕಟ್ಟಿಸಿದ್ದು 6ನೇ ಶತಮಾನದಲ್ಲಿ, ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿ ಜಸ್ಟಿನಿಯನ್. ಚರ್ಚಿನ ಮರದ ಬಾಗಿಲು ಆ ಕಾಲದ್ದೇ.

ಮ್ಯೂಸಿಯಂಗೆ ಬೇರೆ ಟಿಕೆಟ್, ಆದರೆ ಬಿಡಬೇಡಿ. ಅಲ್ಲಿ ಮೇಣ ಬೆರೆಸಿದ ಬಣ್ಣದಲ್ಲಿ ಬರೆದ ಕ್ರಿಸ್ತನ ಚಿತ್ರವಿದೆ, ಅದೂ 6ನೇ ಶತಮಾನದ್ದು. ಅರ್ಧ ಮುಖ ಶಾಂತ, ಇನ್ನರ್ಧ ಬಿರುಸು. ಆ ಕಡೆಯ ಹುಬ್ಬು ಮೇಲೆದ್ದಿದೆ. ಒಂದೊಂದು ಬದಿಯನ್ನು ಕೈಯಿಂದ ಮರೆಮಾಡಿ ನೋಡಿ, ಇಬ್ಬರು ಬೇರೆ ಮನುಷ್ಯರು ಅನ್ನಿಸುತ್ತೆ. 8ನೇ ಶತಮಾನದಲ್ಲಿ ಬೈಜಾಂಟಿಯಂನಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಇಂಥ ಚಿತ್ರಗಳನ್ನು ನಾಶ ಮಾಡಿದರು. ಸಿನಾಯ್ ಆಗ ಮುಸ್ಲಿಂ ಆಳ್ವಿಕೆಯಲ್ಲಿತ್ತು, ಆ ಆಜ್ಞೆ ಇಲ್ಲಿ ನಡೆಯಲಿಲ್ಲ. ಹಾಗಾಗಿ ಉಳಿಯಿತು. ಗೋಡೆಯೊಳಗೆ ಚರ್ಚಿನ ಪಕ್ಕದಲ್ಲೇ ಮಸೀದಿಯೂ ಇದೆ. ಎಷ್ಟು ಸೊಗಸು, ಅಲ್ವಾ?

ಊಟದ ಚಿಂತೆ ಬೇಡ, ಸಸ್ಯಾಹಾರಿಗಳಿಗಂತೂ ಹಬ್ಬ. ಊರಿನ ಅಂಗಡಿ ಸಾಲಲ್ಲಿ ಬೆಡೊಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನವರು) ಒಬ್ಬರ ಪುಟ್ಟ ಹೋಟೆಲಿದೆ, ಬೋರ್ಡಿಲ್ಲ. ದೊಡ್ಡ ಪಾತ್ರೆಯಲ್ಲಿ ಮೆತ್ತಗೆ ಬೆಂದ ಕಾಳಿನ ಫೂಲ್, ಮೇಲೆ ಜೀರಿಗೆ, ನಿಂಬೆರಸ, ಎಣ್ಣೆ. ಬಿಸಿ ರೊಟ್ಟಿ, ಆಗಷ್ಟೇ ಕರಿದ ಕಾಳಿನ ವಡೆ ತಾಮಿಯಾ, ಹಸಿ ಈರುಳ್ಳಿ. ಬೇಳೆ ಸೂಪನ್ನು ಕೇಳದೆಯೇ ಇನ್ನೊಂದು ಬಟ್ಟಲು ಸುರಿದರು. ಇಬ್ಬರ ಹೊಟ್ಟೆ ತುಂಬಿದ ಬಿಲ್, ಶರ್ಮ್‌ನ ಒಂದು ಕಾಫಿಗಿಂತ ಜಾಸ್ತಿ ಆಗಲಿಲ್ಲ.

ಶುಕ್ರವಾರ, ಭಾನುವಾರ ಸಾಮಾನ್ಯವಾಗಿ ಮಠ ಮುಚ್ಚಿರುತ್ತದೆ, ಹಬ್ಬದ ದಿನಗಳಲ್ಲೂ ಅಷ್ಟೇ. ಹೊರಡುವ ಮುಂಚೆ ವಿಚಾರಿಸಿ. ಚಳಿಗಾಲದಲ್ಲಿ ಹಿಮವೂ ಬೀಳುವುದುಂಟು, ಮರುಭೂಮಿ ಅಂತ ಸುಮ್ನೆ ತೆಳು ಬಟ್ಟೆ ಒಯ್ಯಬೇಡಿ. ಬೆಟ್ಟ ಹತ್ತಲೇಬೇಕೆಂದರೆ ಸ್ಥಳೀಯ ಬೆಡೊಯಿನ್ ಗೈಡ್ ಜೊತೆ ಮಧ್ಯಾಹ್ನ ಹೊರಟು ಸೂರ್ಯಾಸ್ತ ನೋಡಿ. ಆಗ ಜನ ಕಡಿಮೆ. ಇಳಿಯುವಾಗ ಕತ್ತಲಾಗುತ್ತೆ, ಟಾರ್ಚ್ ಇರಲಿ. ಸನ್ಯಾಸಿಗಳು ಕಡಿದ 3,750 ಮೆಟ್ಟಿಲಿನ ದಾರಿ ಬಿಟ್ಟು ಒಂಟೆ ದಾರಿಯಲ್ಲೇ ಇಳಿಯಿರಿ.