ಬಾರ್ಸಿಲೋನಾದಿಂದ ರೋಮ್‌ಗೆ: ಟಿಕೆಟ್ 24 ಯೂರೋ, ಪೆಟ್ಟಿಗೆಗೆ 42

ಪ್ಯಾರಿಸ್, ಬಾರ್ಸಿಲೋನಾ, ರೋಮ್. ಮೊದಲ ಸಲ ಯುರೋಪಿಗೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಈ ಮೂರು ಊರು ಸಾಮಾನ್ಯವಾಗಿ ಇರುತ್ತವೆ. ಪ್ಯಾರಿಸ್‌ನಿಂದ ಬಾರ್ಸಿಲೋನಾಕ್ಕೆ ನೇರ ರೈಲಿದೆ, ಸುಮಾರು ಏಳು ಗಂಟೆಯ ಹಾದಿ. ತಲೆನೋವು ಅಲ್ಲಿಂದ ಮುಂದೆ. ಬಾರ್ಸಿಲೋನಾದಿಂದ ರೋಮ್‌ಗೆ ನೇರ ರೈಲಿಲ್ಲ. ಹಡಗಿದೆ, ಆದರೆ ಅದು ರಾತ್ರಿಯೆಲ್ಲ ಹೋಗಿ ಚಿವಿತಾವೆಕ್ಯಾ ಬಂದರಿನಲ್ಲಿ ಇಳಿಸುತ್ತದೆ. ಅಲ್ಲಿಂದ ರೋಮ್‌ಗೆ ಮತ್ತೆ ರೈಲು ಹಿಡಿಯಬೇಕು. ಹಾಗಾಗಿ ಎಲ್ಲರೂ ಕೊನೆಗೆ ವಿಮಾನವನ್ನೇ ಹುಡುಕುತ್ತಾರೆ. ಹುಡುಕಿದರೆ ಕಾಣುವ ದರ ನೋಡಿ: 24 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಸುಮ್ನೆ ಹಿಡಿದರೂ 2,400 ರೂಪಾಯಿ. ಹಬ್ಬದ ಹೊತ್ತಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸ್ಲೀಪರ್ ಬಸ್ಸಿಗೇ ಅಷ್ಟು ಕೊಟ್ಟವರಿದ್ದಾರೆ.

ನಾವು ನಾಲ್ವರು ಹೋಗಿದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗ ಮತ್ತು ನಮ್ಮ ಅತ್ತೆ. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಯುರೋಪಿನ ಅಗ್ಗದ ವಿಮಾನಗಳ ಆಟ ಹೆಚ್ಚುಕಡಿಮೆ ಒಂದೇ ಥರ. ಈ ದಾರಿಯಲ್ಲಿ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಲೆಕ್ಕವನ್ನು ಟಿಕೆಟ್‌ನಿಂದ ಶುರು ಮಾಡಬೇಡಿ, ಪೆಟ್ಟಿಗೆಯಿಂದ ಶುರು ಮಾಡಿ.

ಯಾಕೆ ಅಂದರೆ, ಈ ವಿಮಾನಗಳು ಬೆನ್ನಿಗೊಂದು ಚೀಲ ಹಾಕಿಕೊಂಡು ಶನಿವಾರ ಹೋಗಿ ಭಾನುವಾರ ವಾಪಸ್ ಬರುವ ಅಲ್ಲಿನ ಹುಡುಗರಿಗೆ ಹೇಳಿ ಮಾಡಿಸಿದಂಥವು. ನಾವು ಹೋಗುವುದು ಹಾಗಲ್ಲ. ಬೆಂಗಳೂರಿನಲ್ಲಿ ದೊಡ್ಡ ವಿಮಾನ ಹತ್ತುವಾಗ ತಲಾ 23 ಕಿಲೋ ಚೆಕ್‌ಇನ್ ಲಗೇಜು ಟಿಕೆಟ್ ಜೊತೆಗೇ ಬಂದಿರುತ್ತದೆ. ಬಿಟ್ಟಿ ಸಿಕ್ಕಿದ್ದನ್ನು ಖಾಲಿ ಬಿಡುವ ಜಾತಿ ನಮ್ಮದಲ್ಲ. ಸ್ವೆಟರ್, ಚಪಾತಿ, ಚಟ್ನಿಪುಡಿ, ರೆಡಿಮೇಡ್ ಉಪ್ಪಿಟ್ಟಿನ ಪ್ಯಾಕೆಟ್ಟು, ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಎಲ್ಲ ತುಂಬುತ್ತೇವೆ. ಅದೇ ಪೆಟ್ಟಿಗೆಯನ್ನು ಬಾರ್ಸಿಲೋನಾದಲ್ಲಿ ಅಗ್ಗದ ವಿಮಾನದ ಕೌಂಟರಿಗೆ ತಂದಿಟ್ಟರೆ ಅದಕ್ಕೆ ಬೇರೆಯೇ ಟಿಕೆಟ್ ಬೇಕು. ಅಲ್ಲಿ ಹೆಚ್ಚಾಗಿ ಪೆಟ್ಟಿಗೆಗೆ 20 ಕಿಲೋದ ಮಿತಿ. ನಿಮ್ಮ 23 ಕಿಲೋದಲ್ಲಿ ಮೂರು ಕಿಲೋ ಹೆಚ್ಚಾಯಿತು. ರಯಾನ್‌ಏರ್‌ನಂಥ ಅಗ್ಗದ ವಿಮಾನ ಕಂಪನಿಯಲ್ಲಿ ಹೆಚ್ಚಾದ ಪ್ರತಿ ಕಿಲೋಗೆ 10 ಯೂರೋಗಿಂತ ಜಾಸ್ತಿ ಹಾಕುತ್ತಾರೆ.

ನಮ್ಮ ಲೆಕ್ಕ ಹೀಗಿತ್ತು. ಟಿಕೆಟ್ ನಾಲ್ಕಕ್ಕೆ 96 ಯೂರೋ. 20 ಕಿಲೋದ ಎರಡು ಪೆಟ್ಟಿಗೆಗೆ ತಲಾ 42, ಅಂದರೆ 84. ಮೇಲೆ ಇಡುವ ಎರಡು ಟ್ರಾಲಿ ಬ್ಯಾಗಿಗೆ ತಲಾ 22, ಅಂದರೆ 44. ಸೀಟಿಗೆ 16. ಒಟ್ಟು 240. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. ಅದೇ ದಿನ ಮಾಮೂಲಿ ಕಂಪನಿಯೊಂದರ ವಿಮಾನ, ಲಗೇಜು ಸೇರಿಸಿ, ನಾಲ್ವರಿಗೆ 280ರ ಆಸುಪಾಸಿನಲ್ಲಿತ್ತು. ವ್ಯತ್ಯಾಸ 40 ಯೂರೋ. ಅಗ್ಗದ್ದರಲ್ಲಿ ಮಧ್ಯಾಹ್ನದ ವಿಮಾನ ಸಿಕ್ಕಿದ್ದರಿಂದ ನಾವು ಅದನ್ನೇ ಹಿಡಿದೆವು. ಬೆಳಿಗ್ಗೆ ಆರೂಕಾಲರದ್ದು ಇನ್ನೂ ಕಡಿಮೆಗೆ ಇತ್ತು, ಆದರೆ ಆ ಹೊತ್ತಿಗೆ ಮೆಟ್ರೋ ನಂಬಿಕೊಂಡು ಹೊರಡಲು ಆಗುವುದಿಲ್ಲ. ನಾಲ್ವರು, ಇಷ್ಟು ಸಾಮಾನು ಅಂದಮೇಲೆ ಟ್ಯಾಕ್ಸಿಯೇ ಗತಿ. ಅದಕ್ಕೆ 40 ಯೂರೋ ಹತ್ತಿರ ಆಗುತ್ತದೆ. ಉಳಿಸಿದ್ದು ಅಲ್ಲಿಗೇ ಹೋಯಿತಲ್ವಾ? ಬೆಳಗಿನ ಜಾವದ ವಿಮಾನದ ದರ ನೋಡಿದಾಗೆಲ್ಲ ಟ್ಯಾಕ್ಸಿಯ ದುಡ್ಡನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಸಾಮಾನು ಕಡಿಮೆ ಮಾಡುವ ದಾರಿ ಒಂದಿದೆ. ಬೆಂಗಳೂರಿನಿಂದ ಯಾವ ಊರಿಗೆ ಇಳಿಯುತ್ತೀರೋ ಅದೇ ಊರಿನಿಂದ ವಾಪಸ್ ಹೊರಡುವ ಹಾಗೆ ಟಿಕೆಟ್ ಮಾಡಿಸಿ. ಆಗ ದೊಡ್ಡ ಪೆಟ್ಟಿಗೆಗಳನ್ನು ಆ ಊರಲ್ಲೇ, ಹೋಟೆಲಿನಲ್ಲೋ ಲಗೇಜು ಇಡುವ ಜಾಗದಲ್ಲೋ ಬಿಟ್ಟು, ನಡುವಿನ ಓಡಾಟಕ್ಕೆ ಒಂದೊಂದು ಸಣ್ಣ ಬ್ಯಾಗ್ ಸಾಕು. ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹೊರಡುವ ನಮ್ಮಂಥವರಿಗೆ ಈ ಸೌಕರ್ಯ ಇಲ್ಲ.

ಇನ್ನು ಬಿಟ್ಟಿ ಬ್ಯಾಗಿನ ಅಳತೆ. ರಯಾನ್‌ಏರ್, ವಿಜ್‌ಏರ್ ಎರಡರಲ್ಲೂ ದುಡ್ಡಿಲ್ಲದೆ ಒಳಗೆ ತರಬಹುದಾದ್ದು 40×30×20 ಸೆಂಟಿಮೀಟರಿನ ಒಂದೇ ಚೀಲ, ಮುಂದಿನ ಸೀಟಿನ ಕೆಳಗೆ ಹಿಡಿಸುವಂಥದ್ದು. ಈಸಿಜೆಟ್ ಸ್ವಲ್ಪ ಧಾರಾಳಿ, 45×36×20. ಪ್ರೈಮರಿ ಶಾಲೆ ಮಕ್ಕಳ ಬ್ಯಾಗಿನಷ್ಟು ಅಂದುಕೊಳ್ಳಿ. ನಮ್ಮಲ್ಲಿ ಏಳು ಕಿಲೋದ ಹ್ಯಾಂಡ್ ಬ್ಯಾಗೇಜ್ ಅಂತ ಎಳೆದುಕೊಂಡು ಹೋಗುವ ಚಕ್ರದ ಬ್ಯಾಗ್ ಇದೆಯಲ್ಲ, ಅದು ಇಲ್ಲಿ ಬಿಟ್ಟಿ ಅಲ್ಲ. ಹೆಂಗಸರ ವ್ಯಾನಿಟಿ ಬ್ಯಾಗೂ ಲೆಕ್ಕಕ್ಕೆ ಬರುತ್ತದೆ. ಚೀಲದ ಜೊತೆ ಅದೂ ಇದ್ದರೆ ಎರಡು ಅಂತಲೇ ಲೆಕ್ಕ. ಅಳೆಯುವಾಗ ಚಕ್ರ, ಹಿಡಿ ಎಲ್ಲ ಸೇರಿಸಿ ಅಳೆಯಿರಿ. ಮನೆಯಲ್ಲೇ ಟೇಪು ಹಿಡಿದು ನೋಡಿ, ಅಂಗಡಿಯವನು ಕ್ಯಾಬಿನ್ ಸೈಜ್ ಅಂದದ್ದನ್ನು ನಂಬಬೇಡಿ.

ಗೇಟಿನ ಹತ್ತಿರ ಕಬ್ಬಿಣದ ಚೌಕಟ್ಟೊಂದು ಇಟ್ಟಿರುತ್ತಾರೆ. ಅನುಮಾನ ಬಂದರೆ ಬ್ಯಾಗನ್ನು ಅದರಲ್ಲಿ ಇಳಿಸಲು ಹೇಳುತ್ತಾರೆ. ನಮ್ಮ ಮುಂದಿದ್ದ ಹುಡುಗಿಯ ಬ್ಯಾಗು ಅರ್ಧಕ್ಕೆ ಇಳಿದು ನಿಂತಿತು. ಅವಳು ಅಲ್ಲೇ ನೆಲದ ಮೇಲೆ ಕೂತು ಜಿಪ್ ಬಿಚ್ಚಿ, ಒಂದು ಜಾಕೆಟ್ ತೆಗೆದು ಹಾಕಿಕೊಂಡಳು. ಅದರ ಮೇಲೆ ಇನ್ನೊಂದು. ಚಾರ್ಜರು, ಸಾಬೂನಿನ ಡಬ್ಬಿ, ಪುಸ್ತಕ ಎಲ್ಲ ಜೇಬಿಗೆ. ಮತ್ತೆ ಇಳಿಸಿದಳು, ಮೊಣಕಾಲಲ್ಲಿ ಒತ್ತಿದಳು. ಚಕ್ರದ ಕಡೆ ಎರಡು ಬೆರಳಿನಷ್ಟು ಮೇಲೆಯೇ ಉಳಿಯಿತು. ಸಿಬ್ಬಂದಿ ಮಾತಾಡಲಿಲ್ಲ, ಕಾರ್ಡ್ ಮಷಿನ್ ಮುಂದೆ ಹಿಡಿದರು ಅಷ್ಟೇ. ಸಾಲಿನಲ್ಲಿ ಹಿಂದಿದ್ದವರೆಲ್ಲ ತಮ್ಮ ತಮ್ಮ ಬ್ಯಾಗನ್ನು ಕಾಲಿನ ಹಿಂದೆ ಸರಿಸಿಕೊಂಡರು. ಅತ್ತೆ ನನ್ನ ಕಡೆ ತಿರುಗಿ, 'ನಮ್ದು ಹಿಡಿಸುತ್ತೆ ತಾನೆ?' ಅಂದರು. ಹಿಡಿಸಿತು. ಹಿಂದಿನ ರಾತ್ರಿ ಹೋಟೆಲಿನಲ್ಲೇ ಅಳೆದಿದ್ದೆವು.

ಆ ಗೇಟಿನ ದಂಡ ಸಣ್ಣದಲ್ಲ. ರಯಾನ್‌ಏರ್‌ನಲ್ಲಿ ಅದು 75 ಯೂರೋವರೆಗೆ ಹೋಗುತ್ತದೆ. ಅಳತೆ ಮೀರಿದ ಬ್ಯಾಗ್ ಹಿಡಿದ ಸಿಬ್ಬಂದಿಗೆ ಬ್ಯಾಗಿಗೆ ಇಷ್ಟು ಅಂತ ಬೋನಸ್ ಕೊಡುತ್ತೇವೆ ಎಂದು ಆ ಕಂಪನಿಯ ಮುಖ್ಯಸ್ಥ ಮೈಕೆಲ್ ಒ'ಲಿಯರಿ ಬಹಿರಂಗವಾಗಿಯೇ ಹೇಳಿದ್ದಾರೆ. ಹಾಗಾಗಿ 'ಪ್ಲೀಸ್, ಫ್ಯಾಮಿಲಿ' ಎಂಬ ನಮ್ಮ ಮಂತ್ರ ಅಲ್ಲಿ ನಡೆಯುವ ಸಾಧ್ಯತೆ ಕಡಿಮೆ. ಈ ಕೈಚೀಲದ ವಸೂಲಿಯ ಬಗ್ಗೆ ಅಲ್ಲಿನವರಿಗೂ ಸಿಟ್ಟಿದೆ. 2024ರ ನವೆಂಬರಿನಲ್ಲಿ ಸ್ಪೇನ್ ಸರ್ಕಾರ ಇದೂ ಸೇರಿದಂತೆ ಕೆಲವು ಕಾರಣಗಳಿಗೆ ಐದು ಕಂಪನಿಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ಹಾಕಿತು. ಕಂಪನಿಗಳು ಕೋರ್ಟಿಗೆ ಹೋದವು. ಅಲ್ಲಿ ಏನೇ ಆಗಲಿ, ನೀವು ಗೇಟಿನಲ್ಲಿ ನಿಂತಾಗ ಆ ತೀರ್ಪು ತೋರಿಸಿ ವಾದ ಮಾಡಲು ಹೋಗಬೇಡಿ. ವಿಮಾನ ಹೊರಟುಹೋಗುತ್ತದೆ.

ಚೆಕ್‌ಇನ್ ಬಗ್ಗೆ ಸ್ವಲ್ಪ ಗಮನ ಕೊಡಿ. ನಮ್ಮಲ್ಲಿ ವೆಬ್ ಚೆಕ್‌ಇನ್ ಮರೆತರೆ ಕೌಂಟರಿನಲ್ಲಿ ನಿಂತು ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಬಹುದು. ಅಲ್ಲಿ ಹಾಗಲ್ಲ. ರಯಾನ್‌ಏರ್‌ನಲ್ಲಿ ಆನ್‌ಲೈನ್ ಚೆಕ್‌ಇನ್ ಮಾಡದೆ ಹೋದರೆ ಒಬ್ಬರಿಗೆ 55 ಯೂರೋ, ಸ್ಪೇನ್‌ನಿಂದ ಹೊರಡುವುದಾದರೆ 30. ನಾಲ್ವರಿಗೆ ಎಷ್ಟಾಯಿತು ನೋಡಿ, ಟಿಕೆಟ್‌ಗಿಂತ ಜಾಸ್ತಿ. ಸೀಟಿಗೆ ದುಡ್ಡು ಕೊಡದವರಿಗೆ ಚೆಕ್‌ಇನ್ ತೆರೆಯುವುದೇ ಹೊರಡುವ 24 ಗಂಟೆ ಮುಂಚೆ. ಆ ಹೊತ್ತಿಗೆ ನೀವು ಸಗ್ರಾದ ಫಮೀಲಿಯಾ ಚರ್ಚಿನ ಒಳಗೆ ತಲೆಯೆತ್ತಿ ನಿಂತಿರುತ್ತೀರಿ. ಮೊಬೈಲಿನಲ್ಲಿ ಅಲಾರಾಂ ಇಡಿ. ಬ್ಯಾಟರಿ ಹೋದರೂ ತೊಂದರೆಯಾಗದ ಹಾಗೆ ಪಾಸನ್ನು ಇಬ್ಬರ ಫೋನಿನಲ್ಲಿ ಉಳಿಸಿಕೊಳ್ಳಿ.

ನಮ್ಮ ಪಾಸ್‌ಪೋರ್ಟಿನವರಿಗೆ ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸ್ಪೇನ್‌ನಿಂದ ಇಟಲಿಗೆ ಒಂದೇ ವೀಸಾದ ಷೆಂಗೆನ್ ದೇಶಗಳ ಒಳಗಿನ ಪ್ರಯಾಣ, ಇಮಿಗ್ರೇಷನ್ ಇಲ್ಲ ಅಂತ ನೇರ ಸೆಕ್ಯುರಿಟಿಗೆ ಹೋಗಬೇಡಿ. ಯುರೋಪಿನವರಲ್ಲದ ಪ್ರಯಾಣಿಕರು ಮೊದಲು ಕಂಪನಿಯ ಕೌಂಟರಿನಲ್ಲಿ ಪಾಸ್‌ಪೋರ್ಟು, ವೀಸಾ ತೋರಿಸಿ ದಾಖಲೆ ನೋಡಿಸಿಕೊಳ್ಳಬೇಕು ಎಂಬ ನಿಯಮ ಕೆಲವು ಕಡೆ ಇದೆ. ಪಾಸ್‌ನಲ್ಲಿ 'ವೀಸಾ ಚೆಕ್' ಅಂತ ಬರೆದಿದ್ದರೆ ಅದರ ಅರ್ಥ ಇದೇ. ಮಾಡಿಸದೆ ಗೇಟಿಗೆ ಹೋದರೆ ವಾಪಸ್ ಕಳಿಸಬಹುದು. ನಾವು ಪೆಟ್ಟಿಗೆ ಕೊಡುವಾಗಲೇ ಇದನ್ನೂ ಮುಗಿಸಿದೆವು. ಚೆಕ್‌ಇನ್ ಲಗೇಜು ಇಲ್ಲದವರಿಗೆ ಇದಕ್ಕೊಂದು ಪ್ರತ್ಯೇಕ ಸಾಲು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಹೆಸರಿನ ವಿಷಯವೂ ಹೇಳಿಬಿಡುತ್ತೇನೆ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅತ್ತೆಯದೂ ಹಾಗೆಯೇ, ಬರೀ ಒಂದು ಹೆಸರು. ಬುಕಿಂಗ್ ಫಾರಂ ಖಾಲಿ ಬಿಡಲು ಒಪ್ಪುವುದಿಲ್ಲ. ಹಾಗಂತ ಗಂಡನ ಹೆಸರನ್ನೋ ಊರಿನ ಹೆಸರನ್ನೋ ಮನಸ್ಸಿಗೆ ಬಂದಂತೆ ತುಂಬಬೇಡಿ. ಆಮೇಲೆ ಹೆಸರು ಬದಲಿಸಲು ಕೇಳುವ ದುಡ್ಡು 100 ಯೂರೋ ದಾಟಬಹುದು. ಕೆಲವು ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಬರೆಯಲು ಹೇಳುತ್ತವೆ. ಹೆಂಡತಿ ದುಡ್ಡು ಕಟ್ಟುವ ಮುಂಚೆಯೇ ಕಂಪನಿಯ ಚಾಟ್‌ನಲ್ಲಿ ಕೇಳಿ, ಆ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಂಡಳು.

ಸೀಟಿಗೆ ದುಡ್ಡು ಕೊಡಬೇಕೇ? ದೊಡ್ಡವರಿಗೆ ಬೇಡ. ಎರಡು ಗಂಟೆ ಹೆಂಡತಿ ಬೇರೆ ಸಾಲಿನಲ್ಲಿ ಕೂತರೆ ಸಂಸಾರ ಮುಳುಗುವುದಿಲ್ಲ. ಮಕ್ಕಳಿದ್ದರೆ ನಿಯಮ ನೋಡಿ. ರಯಾನ್‌ಏರ್‌ನಲ್ಲಿ 12 ವರ್ಷದೊಳಗಿನ ಮಕ್ಕಳ ಜೊತೆ ಹೋಗುವ ದೊಡ್ಡವರೊಬ್ಬರು ಸೀಟು ಕೊಳ್ಳಲೇಬೇಕು, ಮಗುವಿಗೆ ಪಕ್ಕದ ಸೀಟು ಬಿಟ್ಟಿ. ನಾವು ಅತ್ತೆಗೂ ಒಂದು ನಡುದಾರಿಯ ಪಕ್ಕದ ಸೀಟು ತೆಗೆದುಕೊಂಡೆವು, ಮಂಡಿನೋವು. ವಿಮೆ, ಎಸ್‌ಎಂಎಸ್, ಬಾಡಿಗೆ ಕಾರು, ಇವೆಲ್ಲ ಬಂದಾಗ ಬೇಡ, ಬೇಡ ಅಂತ ಒತ್ತುತ್ತಾ ಹೋಗಿ. ಯುರೋಪಿನ ಕಾನೂನಿನಂತೆ ಇಂಥದ್ದನ್ನು ಮೊದಲೇ ಟಿಕ್ ಹಾಕಿ ಇಡುವ ಹಾಗಿಲ್ಲ, ಕಡ್ಡಾಯ ತೆರಿಗೆ ಎಲ್ಲ ಸೇರಿದ ದರವನ್ನೇ ತೋರಿಸಬೇಕು. ಆದರೆ ಬೇಡ ಅನ್ನುವ ಬಟನ್ನನ್ನು ಸಣ್ಣ ಬೂದು ಅಕ್ಷರದಲ್ಲಿ ಇಡಬೇಡಿ ಅಂತ ಯಾರು ಹೇಳಬೇಕು!

ದುಡ್ಡು ಕಟ್ಟುವಾಗ ಕೆಲವು ಸೈಟುಗಳು ನಿಮ್ಮ ಕಾರ್ಡು ಭಾರತದ್ದು ಅಂತ ಗೊತ್ತಾದೊಡನೆ ರೂಪಾಯಿಯಲ್ಲಿ ಮೊತ್ತ ತೋರಿಸುತ್ತವೆ. ಪಾಪ, ಒಳ್ಳೆಯದಕ್ಕೇ ಅನ್ನಿಸುತ್ತದೆ. ಆ ವಿನಿಮಯ ದರದಲ್ಲಿ ಅವರ ಲಾಭ ಸೇರಿರುತ್ತದೆ. ಯೂರೋದಲ್ಲೇ ಕಟ್ಟಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಇದೆಯಾ ಅಂತ ಬ್ಯಾಂಕಿನ ಆ್ಯಪಿನಲ್ಲಿ ನೋಡಿಕೊಳ್ಳಿ. ಲಗೇಜನ್ನು ಟಿಕೆಟ್ ಜೊತೆಗೇ, ಊರಲ್ಲಿದ್ದಾಗಲೇ ಕೊಳ್ಳಿ. ದಿನ ಹತ್ತಿರ ಬಂದಷ್ಟೂ ಅದರ ಬೆಲೆ ಏರಬಹುದು, ಏರ್‌ಪೋರ್ಟಿನಲ್ಲಂತೂ ಕೇಳಲೇಬೇಡಿ. ಅಲ್ಲಿ ಹೋಗಿ ಕಟ್ಟಲು ನೋಡಿದರೆ ಒಟಿಪಿ ನಿಮ್ಮ ಭಾರತದ ಸಿಮ್ಮಿಗೆ ಬರುತ್ತದೆ, ರೋಮಿಂಗ್ ಇಲ್ಲದಿದ್ದರೆ ಮುಗೀತು. ಮಧ್ಯವರ್ತಿ ಸೈಟುಗಳಲ್ಲಿ ಐದು ಯೂರೋ ಕಡಿಮೆ ಕಂಡರೂ ಕಂಪನಿಯ ಸೈಟಿನಲ್ಲೇ ಬುಕ್ ಮಾಡಿ, ಏನಾದರೂ ಬದಲಾದರೆ ಮಾಹಿತಿ ನಿಮ್ಮ ಇಮೇಲಿಗೇ ಬರಬೇಕು.

ವಿಮಾನದಲ್ಲಿ ನೀರೂ ದುಡ್ಡಿಗೆ. ಖಾಲಿ ಬಾಟಲಿ ಒಯ್ದು ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಿ. ಚಪಾತಿ, ಚಟ್ನಿಪುಡಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಣ್ಣೆ ತೇಲುವ ಉಪ್ಪಿನಕಾಯಿ ದ್ರವದ ಲೆಕ್ಕ, ಅದನ್ನು ಪೆಟ್ಟಿಗೆಯಲ್ಲಿ ಹಾಕಿ. ತುಪ್ಪ ಮಾತ್ರ ಬೆಂಗಳೂರಿನಿಂದಲೇ ತರಬೇಡಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಗೆ ಒಯ್ಯುವ ಹಾಗಿಲ್ಲ.

ವಿಮಾನ ತಡವಾದರೆ ಅಗ್ಗದ ಟಿಕೆಟ್ ಅಂತ ಸುಮ್ಮನಿರಬೇಡಿ. ಯುರೋಪಿನ ನಿಯಮ ಎಲ್ಲ ಕಂಪನಿಗೂ ಒಂದೇ, ಯಾವ ದೇಶದ ಪಾಸ್‌ಪೋರ್ಟ್ ಅನ್ನೋದೂ ಮುಖ್ಯವಲ್ಲ. 1,500 ಕಿಲೋಮೀಟರಿನೊಳಗಿನ ಹಾದಿಗೆ, ಮುಟ್ಟುವುದು ಮೂರು ಗಂಟೆ ಅಥವಾ ಹೆಚ್ಚು ತಡವಾದರೆ, ತಲಾ 250 ಯೂರೋ ಪರಿಹಾರ. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ, ಆದರೆ ಊಟ, ನೀರು ಕೊಡಬೇಕು. ಈ ನಿಯಮವನ್ನು ಬದಲಿಸುವ ಚರ್ಚೆ ನಡೆದಿದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಅರ್ಜಿಯನ್ನು ಕಂಪನಿಯ ಸೈಟಿನಲ್ಲೇ ಹಾಕಬಹುದು. ಪರಿಹಾರ ಕೊಡಿಸುತ್ತೇವೆ ಅನ್ನುವ ಏಜೆನ್ಸಿಗಳು ಅದರಲ್ಲಿ ದೊಡ್ಡ ಪಾಲು ಹಿಡಿಯುತ್ತವೆ. ಇನ್ನೊಂದು, ರೋಮ್‌ನಿಂದ ಊರಿಗೆ ಹೊರಡುವ ದಿನವೇ ಇಂಥ ವಿಮಾನ ಇಟ್ಟುಕೊಳ್ಳಬೇಡಿ. ಎರಡೂ ಬೇರೆ ಬೇರೆ ಟಿಕೆಟ್, ಇದು ತಡವಾಗಿ ಅದು ತಪ್ಪಿದರೆ ದೊಡ್ಡ ವಿಮಾನದವರು ಜವಾಬ್ದಾರರಲ್ಲ.

ರೋಮ್‌ಗೆ ಎರಡು ಏರ್‌ಪೋರ್ಟ್, ಫ್ಯೂಮಿಚಿನೊ ಮತ್ತು ಚಂಪಿನೊ. ಬುಕ್ ಮಾಡುವಾಗಲೇ ಯಾವುದು ಅಂತ ನೋಡಿ. ಫ್ಯೂಮಿಚಿನೊದಿಂದ ತೆರ್ಮಿನಿ ಸ್ಟೇಷನ್ನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು, ಅರ್ಧ ಗಂಟೆ, ಒಬ್ಬರಿಗೆ 14 ಯೂರೋ. ಒಬ್ಬರು ಇಬ್ಬರಿದ್ದರೆ ಅದೇ ಸರಿ. ನಾಲ್ವರಿದ್ದರೆ ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿ ನೋಡಿ. ಹಳೇ ಕೋಟೆಗೋಡೆಯ ಒಳಗಿನ ಊರಿಗೆ ಫ್ಯೂಮಿಚಿನೊದಿಂದ 55 ಯೂರೋ, ಚಂಪಿನೊದಿಂದ 40, ನಗರಸಭೆಯೇ ಕಟ್ಟಿದ ದರ. ಲಗೇಜಿಗೆ ಬೇರೆ ದುಡ್ಡು ಕೇಳುವ ಹಾಗಿಲ್ಲ.